ಕೊಗ್ಗಣ್ಣನ ಮಣ್ಣಿಗೆ ಹೋದದ್ದು

ನಮ್ಮ ಕಡೆ ಮದುವೆಗೆ ಕರೆದರೆ ಹೋಗುತ್ತಾರೆ. ಕರೆದ ರೀತಿ ಸರಿಯಿಲ್ಲ ಎನಿಸಿದರೆ ಹೋಗುವುದಿಲ್ಲ. ಮಣ್ಣಿಗೆ ಮಾತ್ರ ಯಾರೂ ಯಾರನ್ನೂ ಕರೆಯಬೇಕಾಗಿಲ್ಲ. ಇಂಥವರು ಹೋದರಂತೆ ಎಂದು ಕಿವಿಗೆ ಬಿದ್ದರೆ ಸಾಕು, ಅರ್ಧ ಸುಲಿದ ಕಾಯನ್ನು ಅಲ್ಲೇ ಬಿಟ್ಟು, ಪಂಚೆ ಕೊಡವಿಕೊಂಡು ಹೊರಟುಬಿಡುತ್ತಾರೆ. ಸತ್ತವರು ತಮಗೆ ಏನಾಗಬೇಕು ಎಂಬುದು ಗಾಡಿಯಲ್ಲಿ ಕುಳಿತ ಮೇಲೆ ವಿಚಾರಿಸುವ ವಿಷಯ. ತುರುವೇಕೆರೆಯಿಂದ ಮಾಯಸಂದ್ರದ ಕಡೆ ಹೋಗುವ ದಾರಿಯಲ್ಲಿರುವ ನಮ್ಮೂರಿನಲ್ಲಿ ನಾನು ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದೇನೆ. ಗಿರಣಿ ನಿಂತಿದ್ದರೆ ಊರಲ್ಲಿ ಯಾರೋ ಹೋಗಿದ್ದಾರೆ ಎಂದೇ ಅರ್ಥ. ಇಂಥ ಊರಿನಲ್ಲಿ ಸಾವಿನ ಸುಳ್ಳು ಹೇಳಲು ಹೊರಟವನ ಬುದ್ಧಿ ಎಷ್ಟಿರಬಹುದು ಎಂದು ನೀವೇ ಅಂದಾಜು ಮಾಡಿಕೊಳ್ಳಿ. ಆ ಬುದ್ಧಿವಂತ ನನ್ನ ಪಕ್ಕದ ಮನೆಯ ಬೆಟ್ಟಸ್ವಾಮಿ.

ಬೆಟ್ಟಸ್ವಾಮಿಗೆ ತಿಪಟೂರಿನ ಒಂದು ಮಂಡಿಯಲ್ಲಿ ಕೊಬ್ಬರಿ ಆರಿಸುವ ಕೆಲಸ. ಅಟ್ಟದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಹೇಳಿಬಿಡುತ್ತಾನೆ. ಮನುಷ್ಯರ ವಿಷಯಕ್ಕೆ ಬಂದರೆ ಆ ಕಿವಿ ಯಾವ ಕೆಲಸಕ್ಕೂ ಬಾರದು. ಅವನ ಹೆಂಡತಿ ಸರ್ವಮಂಗಳ ಒಳ್ಳೆಯ ಹೆಂಗಸು, ಹೆಚ್ಚು ಮಾತಿಲ್ಲ. ಬದುಕಿನಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಆ ಕಲ್ಲಿನ ದ್ವೀಪವನ್ನು ಒಂದು ಸಲ ನೋಡಬೇಕು. ಶಾಲೆಯಲ್ಲಿ ಮೇಷ್ಟರು ಅದರ ಚಿತ್ರ ತೋರಿಸಿ, ವಾಸ್ಕೋ ಡ ಗಾಮ ಹಡಗಿನಿಂದ ಮೊದಲು ಇಳಿದದ್ದು ಇಲ್ಲೇ ಎನ್ನುತ್ತಾರೆ ಎಂದು ಹೇಳಿದ್ದರು. ಅಷ್ಟು ದೂರದಿಂದ ಅವನು ಬಂದು ನೋಡಿಕೊಂಡು ಹೋದ, ನಾನು ಹಾಸನದ ಆಚೆ ಇರುವುದನ್ನು ನೋಡಲಿಲ್ಲವಲ್ಲ ಎಂಬುದು ಅವಳ ಕೊರಗು.

ಅವಳು ಹೊರಟಿರಲಿಲ್ಲ ಎಂದಲ್ಲ. ಶಾಲೆಯ ಪ್ರವಾಸದ ದಿನ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತೂ ಆಗಿತ್ತು. ಅಷ್ಟರಲ್ಲಿ ಅಜ್ಜಿ ಹೋದ ಸುದ್ದಿ ಬಂತು, ಚಿಕ್ಕಪ್ಪ ಬಂದು ಇಳಿಸಿಕೊಂಡು ಹೋದರು. ಮದುವೆಯಾದ ಹೊಸದರಲ್ಲಿ ಬೆಟ್ಟಸ್ವಾಮಿ ಕರೆದುಕೊಂಡು ಹೊರಟ. ಅರಸೀಕೆರೆ ದಾಟುವ ಮೊದಲೇ ಅವನ ಸೋದರಮಾವ ತೀರಿಕೊಂಡರು. ಆಮೇಲೊಮ್ಮೆ ಸ್ತ್ರೀಶಕ್ತಿ ಸಂಘದವರ ಜೊತೆ ಹೊರಟಾಗ, ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಸಂಘದವರು ಹೋಗಿ ಬಂದು ಅವಳಿಗೊಂದು ಕಪ್ಪೆಚಿಪ್ಪು ಕೊಟ್ಟರು. ಅತ್ತೆ ಮತ್ತೆ ಎದ್ದು ನಡೆಯಲಿಲ್ಲ. ಹಾಸಿಗೆಯಲ್ಲಿ ವರ್ಷಗಟ್ಟಲೆ ಇದ್ದು, ಅಷ್ಟೂ ವರ್ಷ ಸೊಸೆಯ ಕೈಯಲ್ಲೇ ಮಾಡಿಸಿಕೊಂಡು, ಕಳೆದ ದಸರಾ ಹೊತ್ತಿಗೆ ಹೋದರು. ನಾನು ಸಮುದ್ರಕ್ಕೆ ಹೊರಟರೆ ಯಾರಾದರೂ ಒಬ್ಬರು ಹೋಗುತ್ತಾರೆ ಎಂಬ ಭಯ ಸರ್ವಮಂಗಳಳಿಗೆ ಹಿಡಿದುಬಿಟ್ಟಿತ್ತು. ಅತ್ತೆ ಹೋದ ಮೇಲೆ ಅವಳು ದ್ವೀಪದ ಮಾತೇ ಎತ್ತಲಿಲ್ಲ. ಅದರಿಂದ ಬೆಟ್ಟಸ್ವಾಮಿಗೂ ನೋವಾಗಿತ್ತು ಎಂದು ಕಾಣುತ್ತದೆ, ಇಲ್ಲದಿದ್ದರೆ ಅವನಂಥವನು ಯೋಚನೆ ಮಾಡುವ ತಂಟೆಗೆ ಹೋಗುತ್ತಿರಲಿಲ್ಲ.

ಈಗ ತೊಡಕು ಒಂದಲ್ಲ, ಎರಡು. ಅಮ್ಮ ಹೋಗಿ ವರ್ಷ ತುಂಬಿರಲಿಲ್ಲ. ವರ್ಷ ತುಂಬುವ ತನಕ ಆ ಮನೆಯವರು ಸಂತೋಷಕ್ಕೆಂದು ಎಲ್ಲಿಗೂ ಹೋಗುವಂತಿಲ್ಲ. ನಮ್ಮ ಜನಕ್ಕೆ ಸೂತಕವೆಂಬುದೇ ಇಲ್ಲ ಎಂದು ಮಠದಲ್ಲಿ ಸ್ವಾಮಿಗಳು ಹೇಳುತ್ತಾರೆ. ನಮ್ಮ ಬೀದಿಯ ಹೆಂಗಸರಿಗೆ ಅದನ್ನು ಹೇಳುವ ಧೈರ್ಯ ಇನ್ನೂ ಯಾವ ಸ್ವಾಮಿಗಳಿಗೂ ಬಂದಿಲ್ಲ. ಎರಡನೆಯದು, ಹೊರಟರೆ ಸಾವು ಬರುತ್ತದೆ ಎಂಬ ಅವಳ ಭಯ. ಬೆಟ್ಟಸ್ವಾಮಿ ಎರಡಕ್ಕೂ ಒಂದೇ ಮದ್ದು ಕಂಡುಹಿಡಿದ. ಸಾವು ಆಗಲೇ ಆಗಿಹೋಗಿದೆ ಎಂದು ನಾವೇ ಹೇಳಿಬಿಡುವುದು. ಮಣ್ಣಿಗೆ ಹೋಗುವವರನ್ನು ಯಾರೂ ತಡೆಯುವುದಿಲ್ಲ. ಲೆಕ್ಕದ ಸಾವು ಮುಂಚೆಯೇ ಸಂದಾಯವಾದ ಮೇಲೆ ಹೊಸ ಸಾವು ಬರುವ ಹಾಗೂ ಇಲ್ಲ. ಇದನ್ನು ಹೆಂಡತಿಗೆ ಒಪ್ಪಿಸಲು ಅವನಿಗೆ ಸಂಕ್ರಾಂತಿಯಿಂದ ಶಿವರಾತ್ರಿಯ ಹತ್ತಿರದವರೆಗೆ ಹಿಡಿಯಿತು.

ಅಲ್ಲಿಯವರೆಗೆ ಎಲ್ಲ ಗುಟ್ಟಾಗಿತ್ತು. ಆದರೆ ಮನೆಯಲ್ಲಿ ಕರೆಯುವ ಹಸು ಇತ್ತು. ಎರಡು ಹೊತ್ತು ಹಾಲು ಕರೆಯಲು ಯಾರಿಗಾದರೂ ಹೇಳಲೇಬೇಕು. ಹಿಂದಿನ ದಿನ ಮಧ್ಯಾಹ್ನ ಅವನು ಎದುರು ಮನೆಯ ಮೀನಾಕ್ಷಮ್ಮನಿಗೆ ಹೇಳಿದ. ಮಲ್ಪೆಯಲ್ಲಿ ಕೊಗ್ಗಣ್ಣ ಎಂಬ ಪರಿಚಯದವರು, ಕೊಬ್ಬರಿ ವ್ಯಾಪಾರದಲ್ಲಿ ಬಹಳ ಬೇಕಾದವರು, ಹೋಗಿಬಿಟ್ಟರಂತೆ. ಬೆಳಗಿನ ಜಾವದ ಬಸ್ಸಿಗೆ ನಾವಿಬ್ಬರೂ ಹೊರಡುತ್ತೇವೆ, ಹಸು ಒಂದು ನೋಡಿಕೊಳ್ಳಬೇಕು.

ಕೊಗ್ಗಣ್ಣ ಎಂಬ ಮನುಷ್ಯ ಭೂಮಿಯ ಮೇಲೆ ಇರಲಿಲ್ಲ. ಆದರೆ ಸಂಜೆಯಾಗುವ ಹೊತ್ತಿಗೆ ಅವರನ್ನು ಕಂಡವರು ನಮ್ಮೂರಲ್ಲಿ ಮೂವರಾದರು. ಒಬ್ಬರಿಗೆ ಅವರ ಬಿಳಿ ಮೀಸೆ ಕಣ್ಣಿಗೆ ಕಟ್ಟಿತ್ತು. ಇನ್ನೊಬ್ಬರಿಗೆ ಅವರು ತಿಪಟೂರಿನ ಸಂತೆಯಲ್ಲಿ ಕಾಫಿ ಕೊಡಿಸಿದ್ದರು. ಮೀನಾಕ್ಷಮ್ಮ ಯಾರನ್ನೂ ಕಂಡಿರಲಿಲ್ಲ, ಆದರೂ ತಮ್ಮ ಹಸುವಿನ ಹಾಲು ಕರೆಯುವಾಗ ಎರಡು ಹನಿ ಕಣ್ಣೀರು ಹಾಕಿದರು. ಗಿರಣಿಗೆ ರಾಗಿ ತಂದವರೆಲ್ಲ ಅವರ ಒಳ್ಳೆಯತನವನ್ನು ಎಷ್ಟು ಹೇಳಿದರೆಂದರೆ, ನನಗೂ ಎಲ್ಲೋ ನೋಡಿದ ಹಾಗೆ ನೆನಪಾಗತೊಡಗಿತು.

ದೀಪ ಹಚ್ಚುವ ಹೊತ್ತಿಗೆ ಸಣ್ಣತಿಮ್ಮಯ್ಯನವರು ಬೆಟ್ಟಸ್ವಾಮಿಯ ಜಗಲಿಗೆ ಬಂದು ಕುಳಿತರು. ಅವರು ನಮ್ಮೂರಿನ ಸಾವಿನ ಯಜಮಾನರು. ಯಾವ ಜಾತಿಯವರೇ ಹೋಗಲಿ, ಹೆಣ ಯಾವ ದಿಕ್ಕಿಗೆ ಮಲಗಬೇಕು, ಬಾಯಿಗೆ ನೀರು ಯಾರು ಬಿಡಬೇಕು, ಹಾರ ಯಾರದು ಮೊದಲು, ಎಲ್ಲ ಅವರು ಹೇಳಿದ ಹಾಗೆ. ಎಂಬತ್ತು ಸಮೀಪಿಸಿದರೂ ಯಾವ ಮಣ್ಣಿಗೂ ತಡವಾಗಿ ಹೋದವರಲ್ಲ.

“ಗಂಡ ಹೆಂಡ್ತಿ ಇಬ್ರೇ ಹೋಗಿ ನಿಂತ್ಕೊಂಡ್ರೆ ಊರಿನ ಮರ್ವಾದೆ ಏನಾಯ್ತದೆ ಬೆಟ್ಟಸ್ವಾಮಿ? ನಿಮ್ಮವ್ವನ ಮಣ್ಣಿಗೆ ಎಷ್ಟು ಜನ ಬಂದಿದ್ರು, ನೆಪ್ಪು ಮಾಡ್ಕೊ,” ಎಂದರು.

ದೂರ ಎಂದ. ಗಾಡಿ ಆಗುತ್ತದೆ ಎಂದರು. ಮಣ್ಣು ಆಗಿಹೋಗಿರಬಹುದು ಎಂದ. ಆಗಿದ್ದರೆ ಗುಂಡಿಗೆ ಒಂದು ಹಿಡಿ ಮಣ್ಣು ಹಾಕಿ ಬರೋಣ ಎಂದರು. ನಮ್ಮೂರ ಮಲ್ಲೇಶನ ಟೆಂಪೋ ಟ್ರಾವೆಲರ್ ಗೊತ್ತಾಯಿತು, ಹದಿನಾಲ್ಕು ಜನ ಹೊರಟೆವು. ಒಳಗೆ ಸರ್ವಮಂಗಳ, ಈ ಪ್ರಯಾಣಕ್ಕೆಂದೇ ತೆಗೆದಿಟ್ಟಿದ್ದ ಹಳದಿ ಸೀರೆಯನ್ನು ಚೀಲದ ತಳಕ್ಕೆ ತುರುಕಿ, ಮೇಲೆ ಟವೆಲ್ ಮುಚ್ಚಿ, ಬಣ್ಣ ಹೋದ ಸೀರೆಯೊಂದನ್ನು ಹುಡುಕುತ್ತಿದ್ದಳು.

ನಸುಕಿನಲ್ಲಿ ಗಾಡಿ ಬಂತು. ಗಂಡಸರದೆಲ್ಲ ಬಿಳಿ ಪಂಚೆ, ಗಂಡಸರು ಹೆಂಗಸರೆನ್ನದೆ ಎಲ್ಲರ ಕೈಯಲ್ಲೂ ಸೇವಂತಿಗೆ ಹಾರ, ಊದುಕಡ್ಡಿ. ಸರ್ವಮಂಗಳ ಮೆಟ್ಟಿಲಿಳಿಯುತ್ತ ಅಭ್ಯಾಸಬಲದಿಂದ ಮೀನಾಕ್ಷಮ್ಮನಿಗೆ “ಬತ್ತೀನಿ ಕಣಕ್ಕ” ಎಂದುಬಿಟ್ಟಳು. ಸಣ್ಣತಿಮ್ಮಯ್ಯನವರು ಗಾಡಿಯಿಂದಲೇ ಗದರಿದರು. ಸಾವಿನ ಮನೆಗೆ ಹೊರಟವರು ಬತ್ತೀನಿ ಎನ್ನಬಾರದು, ಸಾವಿನ ಮನೆಯಿಂದ ಹೊರಡುವಾಗಲೂ ಎನ್ನಬಾರದು. ಸುಮ್ಮನೆ ಹೋಗಬೇಕು, ಸುಮ್ಮನೆ ಬರಬೇಕು.

ನಮ್ಮ ಬೀದಿಯಲ್ಲಿ ಅವಳ ಮುಖ ನೋಡಿ ನಿಜ ಊಹಿಸಿದವರು ಒಬ್ಬರೇ. ಪಾರ್ಶ್ವವಾಯು ಬಡಿದು ಜಗಲಿಯ ಮಂಚ ಹಿಡಿದಿದ್ದ ಹನುಮಂತಯ್ಯನವರು. ಸಣ್ಣತಿಮ್ಮಯ್ಯನವರೂ ಅವರೂ ಗೋಲಿ ಆಡುವ ಕಾಲದಿಂದ ಜೊತೆ. ದಿನಾ ಸಂಜೆ ಒಂದೇ ಜಗಲಿ, ಒಂದೇ ಎಲೆಅಡಿಕೆ ಚೀಲ, ಒಂದೇ ಜಗಳ. ಸರ್ವಮಂಗಳ ಮಂಚದ ಪಕ್ಕ ಹಾಯುವಾಗ ಅವರು ಕೈಸನ್ನೆ ಮಾಡಿ ಕರೆದರು. ನಾನು ಹಿಂದೆಯೇ ಇದ್ದೆ.

“ಸಾವಿಗೆ ಹೋಗೋರ ಮೊಕ ಹಿಂಗಿರಲ್ಲ ಕಣವ್ವ,” ಎಂದು ಮೆಲ್ಲಗೆ ಹೇಳಿದರು. “ಹೋಗಿ ಬಾ. ಸಮುದ್ರದ ನೀರು ಉಪ್ಪು ಅಂತಾರಲ್ಲ, ನಿಜವಾ, ನೋಡ್ಕೊಂಡು ಬಂದು ನಂಗೆ ಹೇಳು. ಈ ತಿಮ್ಮ ಹೇಳಿದ್ದು ನಾನು ನಂಬಲ್ಲ. ಅವ್ನೂ ನೋಡಿಲ್ಲ.”

ಅವಳು ತಲೆಯಾಡಿಸಿ ಬೇಗ ಬೇಗ ಗಾಡಿ ಹತ್ತಿದಳು.

ಹಾಸನ, ಸಕಲೇಶಪುರ, ಶಿರಾಡಿ ಘಾಟಿ. ದಾರಿಯುದ್ದಕ್ಕೂ ಕೊಗ್ಗಣ್ಣನವರ ಗುಣಗಾನ ನಡೆಯಿತು. ಎಷ್ಟು ಜನ ಮಕ್ಕಳು ಎಂದು ಯಾರೋ ಕೇಳಿದರು. ಬೆಟ್ಟಸ್ವಾಮಿ ಗಾಬರಿಯಲ್ಲಿ ಇಲ್ಲ ಎಂದ. ಅಯ್ಯೋ, ಹಾಗಾದರೆ ಬಾಯಿಗೆ ನೀರು ಯಾರು ಬಿಟ್ಟರು ಎಂದು ಹೆಂಗಸರು ನಿಜವಾಗಿಯೇ ಮರುಗಿದರು. ಹೆಂಡತಿ ಇದ್ದಾರಾ ಎಂದಾಗ, ಅವರೂ ಹೋದರು ಎಂದ. ಹೀಗೆ ಘಾಟಿ ಇಳಿಯುವಷ್ಟರಲ್ಲಿ ಅವನು ಕೊಗ್ಗಣ್ಣನ ಇಡೀ ಮನೆಯನ್ನು ಮುಗಿಸಿದ್ದ. ಅಷ್ಟು ಗತಿಗೆಟ್ಟ ಮನುಷ್ಯನ ಸಾವಿಗೆ ನಾವಾದರೂ ಬಂದೆವಲ್ಲ ಎಂದು ಗಾಡಿಯಲ್ಲಿ ಎಲ್ಲರಿಗೂ ಸಮಾಧಾನವಾಯಿತು. ಕಿಟಕಿಯ ಪಕ್ಕ ಕುಳಿತಿದ್ದ ಸರ್ವಮಂಗಳ ಹೊರಗೆ ನೋಡುತ್ತಲೇ ಇದ್ದಳು. ಫೋನು ಯಾರದೇ ಸದ್ದು ಮಾಡಿದರೂ ಅವಳ ಕೈ ಸೀಟಿನ ಕಂಬಿಯನ್ನು ಹಿಡಿಯುತ್ತಿತ್ತು. ಅದನ್ನು ನೋಡಿದ ಮೇಲೆ, ಹನುಮಂತಯ್ಯನವರ ಮಾತಿನಿಂದ ಹುಟ್ಟಿದ್ದ ನನ್ನ ಅನುಮಾನ ಖಾತ್ರಿಯಾಯಿತು.

ಮಲ್ಪೆಯಲ್ಲಿ ಇಳಿದಾಗ ಬಿಸಿಲು ಕಣ್ಣು ಬಿಡಲು ಕೊಡುತ್ತಿರಲಿಲ್ಲ. ಸಣ್ಣತಿಮ್ಮಯ್ಯನವರು ಹಾರವನ್ನು ಎಡಗೈಗೆ ಸುತ್ತಿಕೊಂಡು, ಮನೆ ಎಲ್ಲಿ ಎಂದು ಕೇಳಿದರು. ಬೆಟ್ಟಸ್ವಾಮಿ ಸುತ್ತ ನೋಡಿದ. ಮೀನಿನ ಬುಟ್ಟಿಗಳು, ಐಸ್ ಕ್ರೀಮ್ ಗಾಡಿಗಳು, ಬಾಡಿಗೆ ಸೈಕಲ್ಲುಗಳು. ಯಾವ ಮನೆಯ ಮುಂದೆಯೂ ಸಾವಿನ ಬೆಂಕಿ ಹಾಕಿರಲಿಲ್ಲ. ಅವನ ಕೈ ತಾನಾಗಿ ಎದ್ದು ಸಮುದ್ರದ ಕಡೆ ತೋರಿಸಿತು.

“ಅಲ್ಲಿ,” ಎಂದ. “ದ್ವೀಪದಲ್ಲಿ ಮನೆ.”

ದೋಣಿಯ ಟಿಕೆಟ್ ಕೊಡುವವನು ನಮ್ಮ ಹದಿನಾಲ್ಕು ಹಾರಗಳನ್ನು ನೋಡಿ, ಅಲ್ಲಿ ಎಂತ ಪೂಜೆ ಉಂಟು ಎಂದು ಕೇಳಿದ. ಬೆಟ್ಟಸ್ವಾಮಿ ಅವನ ಕಿವಿಯಲ್ಲಿ ಏನೋ ಹೇಳಿ ಬಾಯಿ ಮುಚ್ಚಿಸಿದ. ದೋಣಿಯಲ್ಲಿ ಆಗಲೇ ಕಾಲೇಜು ಹುಡುಗರ ಒಂದು ಗುಂಪಿತ್ತು, ದೊಡ್ಡ ಸ್ಪೀಕರಿನಲ್ಲಿ ಹಾಡು ಹಾಕಿ ಕುಣಿಯುತ್ತಿತ್ತು. ಸಣ್ಣತಿಮ್ಮಯ್ಯನವರು ಅವರ ಎದುರಿಗೆ ಹೋಗಿ ಕುಳಿತು ಒಂದು ಸಲ ನೋಡಿದರು, ಅಷ್ಟೆ. ಹಾಡು ನಿಂತಿತು. ಊದುಕಡ್ಡಿಯ ಕಟ್ಟು ಕಂಡ ಹುಡುಗಿಯೊಬ್ಬಳು ಯಾರು ತೀರಿಕೊಂಡದ್ದು ಎಂದು ಮೆತ್ತಗೆ ಕೇಳಿದಳು. ನಮ್ಮ ಹೆಂಗಸರು ಮಕ್ಕಳಿಲ್ಲದ, ಹೆಂಡತಿಯಿಲ್ಲದ, ದ್ವೀಪದಲ್ಲಿ ಒಬ್ಬನೇ ಸತ್ತ ಕೊಗ್ಗಣ್ಣನ ಕಥೆ ಹೇಳಿದರು. ಕಥೆ ಮುಗಿಯುವುದರೊಳಗೆ ಹುಡುಗಿ ಕರವಸ್ತ್ರ ತೆಗೆದಿದ್ದಳು. ಹುಡುಗರು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ದೋಣಿಯವನೂ ಎಂಜಿನ್ನಿನ ವೇಗ ತಗ್ಗಿಸಿದ. ಬೆಳ್ಳಗೆ ಹೊಳೆಯುವ ಸಮುದ್ರದ ಮೇಲೆ, ಮಟಮಟ ಮಧ್ಯಾಹ್ನ ಇಷ್ಟು ದುಃಖ ತುಂಬಿಕೊಂಡ ದೋಣಿ ಆ ದಾರಿಯಲ್ಲಿ ಹಿಂದೆಂದೂ ಹೋಗಿರಲಾರದು. ನಡುವೆ ನಮ್ಮವರಲ್ಲಿ ನಾಲ್ಕು ಜನ ವಾಂತಿ ಮಾಡಿಕೊಂಡರು. ಅದನ್ನೂ ಆ ಹುಡುಗರು ದುಃಖವೆಂದೇ ತಿಳಿದರು.

ದ್ವೀಪಕ್ಕೆ ಕಾಲಿಟ್ಟೆವು. ಒಡೆದ ಚಿಪ್ಪಿನ ಮರಳು, ಅದರಾಚೆ ಯಾರೋ ಕೆತ್ತಿ ಒತ್ತಾಗಿ ನಿಲ್ಲಿಸಿದಂಥ ಕಲ್ಲಿನ ಕಂಬಗಳು, ಅಲ್ಲಲ್ಲಿ ತೆಂಗಿನ ಮರ. ಸರ್ವಮಂಗಳ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದಳು. ನೀರಿನ ಕಡೆ ಹೋಗುವ ಧೈರ್ಯವಿರಲಿಲ್ಲ. ಸಣ್ಣತಿಮ್ಮಯ್ಯನವರು ಸಮುದ್ರ ನೋಡಲಿಲ್ಲ, ಕಲ್ಲು ನೋಡಲಿಲ್ಲ. ತೆಂಗಿನ ಕಡೆಯವರು ಮೊದಲು ನೋಡುವುದು ಮರದ ಬುಡವನ್ನು. ಒಂದು ಮರದ ಕೆಳಗೆ ನಿಂತರು, ಇನ್ನೊಂದರ ಕೆಳಗೆ ನಿಂತರು, ಕಾಲಲ್ಲಿ ಒಂದು ಕಾಯನ್ನು ಉರುಳಿಸಿದರು.

“ಬೆಟ್ಟಸ್ವಾಮಿ, ಇಲ್ಲಿ ಮನೆ ಇಲ್ಲ,” ಎಂದರು. “ಬುಡ ಬಿಡಿಸಿಲ್ಲ, ಒಣಗರಿ ಎಳೆದಿಲ್ಲ. ಒಬ್ಬನಾದ್ರೂ ಮನುಷ್ಯ ಇದ್ದಿದ್ರೆ ಉದುರಿದ ಕಾಯಿ ಹಿಂಗೆ ಬಿದ್ದಿರ್ತಿತ್ತಾ? ಯಾರ್ಲಾ ಸತ್ತಿರೋದು?”

ಬೆಟ್ಟಸ್ವಾಮಿಯ ಕಣ್ಣಿಗೆ ಬಿದ್ದದ್ದು ಪ್ರವಾಸಿಗರಿಗೆಂದು ಹಾಕಿದ್ದ ಬೋರ್ಡು. ಅದರಲ್ಲಿದ್ದ ಒಂದೇ ಒಂದು ಮನುಷ್ಯನ ಹೆಸರನ್ನು ಅವನು ಓದಿಬಿಟ್ಟ.

“ವಾಸ್ಕೋ ಡ ಗಾಮ.”

“ಅವ್ರು ಯಾವಾಗ ಹೋದ್ರು?”

“ಐನೂರು ವರ್ಷ ಆಗಿರಬೌದು ಯಜಮಾನ್ರೇ.”

ಸಣ್ಣತಿಮ್ಮಯ್ಯನವರು ಕೈಯಲ್ಲಿದ್ದ ಹಾರವನ್ನು ನೋಡಿಕೊಂಡರು. ಯಾವ ಮಣ್ಣಿಗೂ ತಡವಾಗಿ ಹೋಗದ ಮನುಷ್ಯ. ಆಗ ಸರ್ವಮಂಗಳ ಮುಂದೆ ಬಂದಳು.

“ಯಾರೂ ಸತ್ತಿಲ್ಲ ಕಣ್ ಮಾವ,” ಎಂದಳು. “ನಾನು ಸಮುದ್ರ ನೋಡಬೇಕಾಗಿತ್ತು. ಹಿಂಗಲ್ಲದೆ ಬೇರೆ ಹೆಂಗೂ ಬರೋಕೆ ಆಗ್ತಿರ್ಲಿಲ್ಲ.”

ಒಮ್ಮೆಗೇ ಎಲ್ಲರೂ ಮಾತಾಡಿದರು. ಅತ್ತೆ ಹೋಗಿ ವರ್ಷ ತುಂಬಿಲ್ಲ, ಇವಳಿಗೆ ಸಮುದ್ರ ಬೇಕಾಯಿತೇ ಎಂದು ಹೆಂಗಸರು. ಒಂದು ದಿನದ ಕೆಲಸ ಹಾಳು ಎಂದು ಗಂಡಸರು. ಕೊಗ್ಗಣ್ಣನ ಕೈಯಲ್ಲಿ ಕಾಫಿ ಕುಡಿದಿದ್ದವರ ಸಿಟ್ಟು ಎಲ್ಲರಿಗಿಂತ ಜೋರಾಗಿತ್ತು. ಬೆಟ್ಟಸ್ವಾಮಿ ಒಬ್ಬೊಬ್ಬರಿಗೂ ಕೈ ಮುಗಿಯುತ್ತ, ತಪ್ಪು ನನ್ನದು, ಅವಳನ್ನು ಅನ್ನಬೇಡಿ ಎಂದು ಸುತ್ತುತ್ತಿದ್ದ. ಅವನು ಅಷ್ಟು ವರ್ಷದಲ್ಲಿ ಮೊದಲ ಸಲ ನನಗೆ ಇಷ್ಟವಾದ. ಸಣ್ಣತಿಮ್ಮಯ್ಯನವರು ಕೈಯೆತ್ತಿದರು. ಈಗ ಬಂದ ದೋಣಿಯಲ್ಲೇ ವಾಪಸು, ಒಬ್ಬರೂ ಇಲ್ಲಿ ನಿಲ್ಲಕೂಡದು ಎಂದರು. ಸರ್ವಮಂಗಳ ಬಗ್ಗಿ ಚಪ್ಪಲಿ ಮೆಟ್ಟಿಕೊಂಡಳು. ನೀರು ಅವಳಿಂದ ಒಂದು ಮಾರು ದೂರದಲ್ಲಿತ್ತು.

ನನ್ನ ಫೋನು ಹೊಡೆದುಕೊಂಡಿತು. ಮೀನಾಕ್ಷಮ್ಮ.

“ಹನುಮಂತಯ್ಯ ಹೋಗ್ಬುಟ್ರು ಕಣಪ್ಪ,” ಎಂದರು. “ಗಂಜಿ ಕುಡಿಸೋಣ ಅಂತ ಎಬ್ಬಿಸೋಕೆ ಹೋದ್ರೆ ಆಗ್ಲೇ ಇಲ್ಲ. ಮಣ್ಣು ಮಾಡೋ ಜನ ಎಲ್ಲ ಅಲ್ಲೇ ಕುಂತಿದೀರಲ್ಲಪ್ಪ, ಇಲ್ಲಿ ಗುಂಡಿ ತೋಡ್ಸೋಕೂ ಒಬ್ರಿಲ್ಲ.”

ನಾನು ಸಣ್ಣತಿಮ್ಮಯ್ಯನವರನ್ನು ಕಲ್ಲುಗಳ ಹಿಂದಕ್ಕೆ ಕರೆದೊಯ್ದು ಫೋನನ್ನು ಅವರ ಕಿವಿಗೆ ಹಿಡಿದೆ. ಅವರು ಪೂರ್ತಿ ಕೇಳಿದರು. ಬಾಯಿಗೆ ನೀರು ಬಿಟ್ಟಿದ್ದರಾ ಎಂದು ಒಂದೇ ಮಾತು ಕೇಳಿದರು. ಬೆಳಿಗ್ಗೆ ಸೊಸೆ ನೀರು ಕುಡಿಸಿದ್ದೇ ಕೊನೆ ಎಂದು ಆ ಕಡೆಯಿಂದ ಉತ್ತರ ಬಂತು. ತಾವು ಬರುವುದು ರಾತ್ರಿಯಾಗುತ್ತದೆ, ನಾಳೆ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಲು ಮನೆಯವರಿಗೆ ಹೇಳು ಎಂದರು. ಫೋನು ಇಟ್ಟ ಮೇಲೆ ಒಂದು ಕಲ್ಲು ಹಿಡಿದು ನಿಂತರು. ಆಚೆ, ದೋಣಿಯ ಕಡೆ ಎಲ್ಲರಿಗಿಂತ ಮೊದಲು ಹೋಗಿ ನಿಂತಿದ್ದ ಸರ್ವಮಂಗಳ ಸಮುದ್ರಕ್ಕೆ ಬೆನ್ನು ಮಾಡಿದ್ದಳು. ಅವರು ಅವಳನ್ನು ನೋಡಿದರು. ಅವಳು ಮೂರು ಸಲ ಹೊರಟು ಮೂರು ಸಲ ನಿಂತ ಕಥೆ ನಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ?

“ಯಾರಿಗೂ ಅನ್ನಬ್ಯಾಡ,” ಎಂದು ನನಗೆ ಹೇಳಿ ಕಣ್ಣೊರೆಸಿಕೊಂಡು ಹೊರಗೆ ಬಂದರು.

ಬಂದವರೇ ಹೊಸ ಆಜ್ಞೆ ಹೊರಡಿಸಿದರು. “ಮಣ್ಣಿಗೆ ಅಂತ ಹೊಸ್ಲು ದಾಟಿದ ಮ್ಯಾಲೆ ಮೀಯದೆ ಮನೆಗೆ ಹೋಗಂಗಿಲ್ಲ. ಹೆಣ ಇರ್ಲಿ, ಇಲ್ದೆ ಇರ್ಲಿ. ಎಲ್ರೂ ಮೀಯಬೇಕು. ನಿಧಾನಕ್ಕೆ ಆಗ್ಲಿ, ಕೊನೇ ದೋಣೀಗೆ ಹೋದ್ರಾಯ್ತು.”

ಸಾವಿನ ಶಾಸ್ತ್ರದಲ್ಲಿ ಅವರ ಮಾತಿಗೆ ಎದುರು ಮಾತಿಲ್ಲ. ಹೀಗೆ ಹೆಣವಿಲ್ಲದ ಮಣ್ಣಿನ ಸ್ನಾನ ಶುರುವಾಯಿತು. ಕಾವಲಿನವನು ಸೀಟಿ ಊದಿ, ಮೊಣಕಾಲಿಗಿಂತ ಆಳಕ್ಕೆ ಹೋಗುವ ಹಾಗಿಲ್ಲ ಎಂದ. ಅದಕ್ಕೇನು, ನಮ್ಮವರು ಮೊಣಕಾಲು ನೀರಿನಲ್ಲೇ ಸಾಲಾಗಿ ಕುಳಿತುಬಿಟ್ಟರು. ಮೊದಲ ಅಲೆ ಬಂದು ಎದೆಗೆ ಬಡಿದಾಗ ಎಲ್ಲರೂ ಶಿವಶಿವಾ ಎಂದರು. ಎರಡನೆಯದಕ್ಕೆ ಪಂಚೆ ಹಿಡಿದುಕೊಂಡರು. ಮೂರನೆಯದಕ್ಕೆ ಯಾರೋ ನಕ್ಕರು. ಸ್ವಲ್ಪ ಹೊತ್ತಿಗೆ, ವರ್ಷ ತುಂಬಿಲ್ಲ ಎಂದು ಕೂಗಾಡಿದ್ದ ಹೆಂಗಸರೇ ಸರ್ವಮಂಗಳಳ ಕೈ ಹಿಡಿದು ನೀರಿಗೆ ಎಳೆಯುತ್ತಿದ್ದರು. ಬೆಟ್ಟಸ್ವಾಮಿ ಮಾತ್ರ ಹೆದರಿ, ಹದಿನಾಲ್ಕು ಜೊತೆ ಚಪ್ಪಲಿ ಕಾಯುತ್ತ ದಡದಲ್ಲೇ ಉಳಿದ.

ಮಿಂದ ಮೇಲೆ ಒಣಗಿದ ಬಟ್ಟೆ ಉಡಬೇಕೆಂಬುದೂ ಶಾಸ್ತ್ರವೇ. ಬೇರೆ ಸೀರೆ ಇದೆಯೇನವ್ವ ಎಂದು ಸಣ್ಣತಿಮ್ಮಯ್ಯನವರು ಸರ್ವಮಂಗಳಳನ್ನು ಕೇಳಿದರು. ಅವಳು ಚೀಲದ ತಳದಿಂದ ಹಳದಿ ಸೀರೆ ತೆಗೆದಳು. ಅದನ್ನು ನೋಡಿ ಹೆಂಗಸರು ಮುಖ ಮುಖ ನೋಡಿಕೊಂಡರು. ಮಿಂದ ಮೇಲೆ ಹಳದಿ ಆಗುತ್ತದೆ, ಶಾಸ್ತ್ರದಲ್ಲೇ ಇದೆ ಎಂದು ಸಣ್ಣತಿಮ್ಮಯ್ಯನವರೇ ಹೇಳಿದರು. ಯಾವ ಶಾಸ್ತ್ರದಲ್ಲಿ ಎಂದು ಯಾರೂ ಕೇಳಲಿಲ್ಲ. ಆ ಬಿಸಿಲಿನಲ್ಲಿ, ಆ ಕಪ್ಪು ಕಂಬಗಳ ನಡುವೆ ಅವಳು ಒಬ್ಬಳೇ ಹಳದಿ ಸೀರೆಯಲ್ಲಿ ಮೆಲ್ಲಗೆ ಒಂದೊಂದನ್ನೇ ಮುಟ್ಟಿ ನೋಡುತ್ತ ತಿರುಗಿದಳು. ದೋಣಿಯ ಆ ಕಾಲೇಜು ಹುಡುಗಿ ಫೋಟೋ ತೆಗೆದುಕೊಟ್ಟಳು.

ಸಣ್ಣತಿಮ್ಮಯ್ಯನವರು ನಮ್ಮಿಂದ ಸ್ವಲ್ಪ ದೂರದಲ್ಲಿ ಮಿಂದರು. ದೂರದ ಸಾವಿನ ಸುದ್ದಿ ಕೇಳಿದರೆ ಕೇಳಿದ ಜಾಗದಲ್ಲೇ ಮೀಯಬೇಕು. ಅಲ್ಲಿ ಮೀಯುತ್ತಿದ್ದವರಲ್ಲಿ ನಿಜವಾಗಿ ಮಿಂದವರು ಅವರೊಬ್ಬರೇ. ಎದ್ದು ಬಂದಾಗ ಕಣ್ಣು ಕೆಂಡವಾಗಿತ್ತು. ಉಪ್ಪು ನೀರು ಎಂದರು. ನಾನು ಕೇಳಿರಲಿಲ್ಲ. ಆಮೇಲೆ ತೆಂಗಿನ ಮರದ ಹತ್ತಿರ ಹೋಗಿ, ಉದುರಿದ್ದ ಕಾಯಿಗಳನ್ನೆಲ್ಲ ಒಂದೊಂದಾಗಿ ತಂದು ಬುಡಕ್ಕೆ ಗುಡ್ಡೆ ಹಾಕಿದರು. ಹೆಣಕ್ಕೆಂದು ತಂದ ಹಾರ ಮನೆಗೆ ವಾಪಸು ಒಯ್ಯಬಾರದಲ್ಲ, ತಮ್ಮ ಹಾರವನ್ನು ಆ ಮರಕ್ಕೇ ಕಟ್ಟಿದರು. ಯಾರಿಗೆ ಎಂದು ಬೆಟ್ಟಸ್ವಾಮಿ ಪೆಚ್ಚಾಗಿ ಕೇಳಿದ. ನಿನ್ನ ಕೊಗ್ಗಣ್ಣನಿಗೇ ಕಣಪ್ಪ ಎಂದರು. ಉಳಿದವರೂ ಸಾಲಾಗಿ ಬಂದು ತಂತಮ್ಮ ಹಾರ ಕಟ್ಟಿದರು.

ಕೊನೆಯ ದೋಣಿ ಹೊರಟಾಗ ಸರ್ವಮಂಗಳ ಒಂದು ಬಾಟಲಿಗೆ ಸಮುದ್ರದ ನೀರು ತುಂಬಿಕೊಂಡಿದ್ದಳು. ದ್ವೀಪದ ಕಡೆ ತಿರುಗಿ, ಬಾಯಿಬಿಟ್ಟು “ಬತ್ತೀನಿ” ಎಂದಳು. ಸಣ್ಣತಿಮ್ಮಯ್ಯನವರು ಗದರಲಿಲ್ಲ.

ಘಾಟಿ ಹತ್ತುವ ಮೊದಲು ಕಾಫಿಗೆ ನಿಂತಾಗ ಅವರು ಎಲ್ಲರನ್ನೂ ಕರೆದು ಹನುಮಂತಯ್ಯನ ಸುದ್ದಿ ಹೇಳಿದರು. ಸರ್ವಮಂಗಳ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಈ ಸಲವೂ ಆಯಿತಲ್ಲ ಮಾವ ಎಂದಳು.

“ಇಲ್ಲ ಕಣವ್ವ,” ಎಂದರು ಸಣ್ಣತಿಮ್ಮಯ್ಯನವರು. “ನಾವು ವಾಪಸು ದೋಣಿ ಹತ್ತಿದ ಮ್ಯಾಲೆ ಹೋಗಿದ್ದು ಅವ್ನು. ನೀನು ನೋಡಿದ್ದು ಮುಗಿಯೋಗಂಟ ಕಾದಿದ್ದಾನೆ. ಈಗ ಫೋನ್ ಬಂತು. ಬೇಕಾದ್ರೆ ಇವನ್ನ ಕೇಳು.”

ನಾನು ಹೌದು ಎಂದೆ. ಬೆಟ್ಟಸ್ವಾಮಿ ಹೆಂಡತಿಯ ಕಡೆ ತಿರುಗಿ, ನೋಡಿದೆಯಾ ನನ್ನ ಲೆಕ್ಕ, ಮುಗಿಯುವ ತನಕ ಒಂದು ಸಾವೂ ಬರಲಿಲ್ಲ ಎಂದು ಮೆಲ್ಲಗೆ ಹೇಳಿದ. ಇವತ್ತಿಗೂ ಅವನು ಹಾಗೆಂದೇ ತಿಳಿದಿದ್ದಾನೆ.

ಮರುದಿನ ಹನುಮಂತಯ್ಯನವರನ್ನು ಜಗಲಿಯಲ್ಲಿ ಮಲಗಿಸಿದ್ದರು. ಸಣ್ಣತಿಮ್ಮಯ್ಯನವರು ತಲೆಯ ಹತ್ತಿರ ನಿಂತು ಯಾವ ದಿಕ್ಕು, ಯಾರ ಹಾರ ಮೊದಲು ಎಂದು ಹೇಳುತ್ತಿದ್ದರು. ಸರ್ವಮಂಗಳ ಬಂದು ನಿಂತಿದ್ದಾಗ, ಬೇರೆ ಊರಿನಿಂದ ಬಂದ ಯಾರೋ ಯಾವಾಗ ಹೋದರು ಎಂದು ಕೇಳಿದರು. ಮೀನಾಕ್ಷಮ್ಮ ಮೂಗು ಒರೆಸಿಕೊಂಡು ಹೇಳಿದರು: “ನೆನ್ನೆ ಮಧ್ಯಾನ ಗಂಜಿ ಹೊತ್ತಿಗೆ. ಆಗ್ಲೇ ಸಣ್ಣತಿಮ್ಮಯ್ಯಂಗೆ ಫೋನಲ್ಲಿ ಹೇಳ್ದೆನಲ್ಲ.”

ಸರ್ವಮಂಗಳ ತಲೆಯೆತ್ತಿ ಸಣ್ಣತಿಮ್ಮಯ್ಯನವರನ್ನು ನೋಡಿದಳು. ಅವರು ಊದುಕಡ್ಡಿ ಹಚ್ಚುವುದರಲ್ಲಿ ಬಹಳ ಮಗ್ನರಾದರು. ಕಡ್ಡಿ ಹತ್ತಿಕೊಳ್ಳುತ್ತಿರಲಿಲ್ಲ. ಅವಳು ಅವರ ಕೈಯಿಂದ ಬೆಂಕಿಪೊಟ್ಟಣ ತೆಗೆದುಕೊಂಡು ಹಚ್ಚಿಕೊಟ್ಟಳು. ಮಣ್ಣಿಗೆ ಎತ್ತುವ ಮೊದಲು, ಬಾಯಿಗೆ ನೀರು ಬಿಡುವವರು ಯಾರಾದರೂ ಉಳಿದಿದ್ದೀರಾ ಎಂದು ಅವರು ಎಂದಿನಂತೆ ಕೇಳಿದರು. ಸೆರಗಿನೊಳಗಿಂದ ಬಾಟಲಿ ತೆಗೆದು ಅವಳು ಮುಂದೆ ಬಂದಳು. ಅದು ಯಾವ ನೀರು ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವರು ದಾರಿ ಬಿಟ್ಟರು.

ಎರಡು ಹನಿ ಬಿಟ್ಟು, ಅವಳು ಹನುಮಂತಯ್ಯನವರ ಕಿವಿಯ ಹತ್ತಿರ ಬಗ್ಗಿದಳು.

“ಉಪ್ಪೇ ಕಣ್ ಮಾವ,” ಎಂದಳು.

ಸಣ್ಣತಿಮ್ಮಯ್ಯನವರು ಹೆಣದ ಆಚೆ ತಿರುಗಿ ನಿಂತು, ಗಾಡಿ ಬಂತಾ ನೋಡ್ರಿ ಎಂದು ಬೀದಿಯವರ ಮೇಲೆ ರೇಗಿದರು. ಗಾಡಿ ಆಗಲೇ ಬಂದು ನಿಂತಿತ್ತು.